ಹೆವಿ ಲೈಸೆನ್ಸ್ ಬಂತು, ಲಾರಿ ಕೊಡುವವರು ಸಿಗಲಿಲ್ಲ

ಲಾರಿ ಡ್ರೈವರ್ ಆಗಬೇಕು ಅಂದರೆ ಆರ್‌ಟಿಓ ಕಚೇರಿಗೆ ದಾರಿ ತೋರಿಸುವವರು ಊರ ತುಂಬಾ ಸಿಗುತ್ತಾರೆ. ಲೈಸೆನ್ಸ್ ಕೈಗೆ ಬಂದ ಮೇಲೆ ಯಾರ ಗಾಡಿ ಹತ್ತಬೇಕು, ಹತ್ತುವ ತನಕ ಹೊಟ್ಟೆಪಾಡಿಗೆ ಏನು ಮಾಡಬೇಕು ಅಂತ ಹೇಳುವವರು ಸಿಗುವುದಿಲ್ಲ. ನಮ್ಮ ಮನೆತನದಲ್ಲಿ ಯಾರೂ ಲಾರಿ ಓಡಿಸಿದವರಲ್ಲ. ನಾನು ರಾಣೆಬೆನ್ನೂರಿನ ಒಂದು ಮೊಬೈಲ್ ಅಂಗಡಿಯಲ್ಲಿ ಕೌಂಟರ್ ಹಿಂದೆ ನಿಂತು ಟೆಂಪರ್ಡ್ ಗ್ಲಾಸ್ ಅಂಟಿಸುತ್ತಿದ್ದವನು. ಈಗ ಹತ್ತು ಚಕ್ರದ ಗಾಡಿಯ ಸ್ಟೇರಿಂಗ್ ಹಿಡಿದಿದ್ದೇನೆ. ನಡುವೆ ಹೋದ ಕಾಲದಲ್ಲಿ ಕಲಿತದ್ದಕ್ಕಿಂತ ಕಾದದ್ದೇ ಹೆಚ್ಚು. ಎಲ್ಲೆಲ್ಲಿ ಕಾಯಬೇಕಾಗುತ್ತದೆ, ಯಾಕೆ ಕಾಯಬೇಕಾಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಅಷ್ಟು ಕಂಗಾಲಾಗುತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮನೆಯಲ್ಲಿ ಹೇಳಿದಾಗ ಅವ್ವ ಮಾತು ಬಿಟ್ಟಳು. ಅಪ್ಪ ಕೇಳಿದ್ದು ಒಂದೇ: "ರಾತ್ರಿ ನಿದ್ದಿ ಕೆಡೋದು ತಡೀತದೇನು ನಿನಗ?" ಆಗ ತಡೆಯುತ್ತದೆ ಅಂದೆ. ಆ ಪ್ರಶ್ನೆಯ ತೂಕ ಗೊತ್ತಾದದ್ದು ಬಹಳ ತಡವಾಗಿ.

ಮೊದಲು ವಯಸ್ಸಿನ ಲೆಕ್ಕ. ಕಾರು, ಬೈಕಿಗೆ 18 ತುಂಬಿದರೆ ಸಾಕು, ಸರಕು ಸಾಗಿಸುವ ಗಾಡಿಗೆ 20 ತುಂಬಿರಬೇಕು. ಜೊತೆಗೆ ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸ್ ಆಗಿ ಕನಿಷ್ಠ ಒಂದು ವರ್ಷ ಕಳೆದಿರಬೇಕು. ಇಲ್ಲದಿದ್ದರೆ ಹೆವಿಗೆ, ಅಂದರೆ ಭಾರಿ ವಾಹನಕ್ಕೆ, ಎಲ್‌ಎಲ್ (ಕಲಿಕಾ ಲೈಸೆನ್ಸ್) ಕೂಡ ಕೊಡುವುದಿಲ್ಲ. ನನ್ನ ಹತ್ತಿರ ಕಾಲೇಜು ದಿನಗಳಿಂದಲೂ ಲೈಸೆನ್ಸ್ ಇತ್ತು, ಆದರೆ ಅದು ಬೈಕಿನದು. ಕಾರು ಸೇರಿಸಿದ್ದು ತೀರಾ ಈಚೆಗೆ. ಕಾರ್ಡಿನಲ್ಲಿ ಒಂದೊಂದು ವರ್ಗದ ಮುಂದೆ ಒಂದೊಂದು ದಿನಾಂಕ ಇರುತ್ತದೆ, ಲೆಕ್ಕಕ್ಕೆ ಬರುವುದು ಎಲ್‌ಎಂವಿ ಮುಂದಿರುವ ದಿನಾಂಕ. ಕೌಂಟರಿನಲ್ಲಿದ್ದ ಸಿಬ್ಬಂದಿ ಬೆರಳಿಟ್ಟು ತೋರಿಸಿ, "ಇದಕ್ಕೆ ವರ್ಷ ತುಂಬಲಿ, ಆಮೇಲೆ ಬನ್ನಿ" ಅಂದರು. ಅಂಗಡಿಯ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲು ನಿಮ್ಮ ಕಾರ್ಡ್ ಒಮ್ಮೆ ತಿರುಗಿಸಿ ನೋಡಿಕೊಳ್ಳಿ.

ಓದಿನ ವಿಚಾರವನ್ನು ಬಹಳ ಜನ ಕೇಳುತ್ತಾರೆ. ಹಿಂದೆ ಎಂಟನೇ ತರಗತಿ ಪಾಸಾಗಿರಬೇಕಿತ್ತು, 2019ರಲ್ಲಿ ಕೇಂದ್ರ ಸರ್ಕಾರ ಆ ನಿಯಮ ತೆಗೆದುಹಾಕಿತು. ನನ್ನ ಜೊತೆ ಕಲಿತವರಲ್ಲಿ ಒಬ್ಬ ಐದನೆಯ ಕ್ಲಾಸಿಗೇ ಶಾಲೆ ಬಿಟ್ಟವನು. ಗಾಡಿಯನ್ನು ರಿವರ್ಸ್ ತೆಗೆಯುವುದರಲ್ಲಿ ನಮಗೆಲ್ಲ ಅವನೇ ಮುಂದು.

ವರ್ಷ ತುಂಬುವ ತನಕ ಸುಮ್ಮನೆ ಕೂರಲಿಲ್ಲ. ನಮ್ಮೂರು ಬಿತ್ತನೆ ಬೀಜದ ವ್ಯಾಪಾರಕ್ಕೆ ಹೆಸರಾದದ್ದು, ಮಳೆಗಾಲದ ಮುಂಚೆ ಹಳ್ಳಿ ಹಳ್ಳಿಗೆ ಬೀಜದ ಚೀಲ ಹೊತ್ತು ಸಣ್ಣ ಗಾಡಿಗಳು ಓಡುತ್ತವೆ. ಪರಿಚಯದವರ ಟಾಟಾ ಏಸ್ ಓಡಿಸಲು ಸಿಕ್ಕಿತು. ಎಲ್‌ಎಂವಿ ಲೈಸೆನ್ಸಿನಲ್ಲಿ ಸರಕಿನ ಗಾಡಿ ಓಡಿಸಬಹುದಾ ಅನ್ನುವ ಅನುಮಾನ ನಿಮಗೂ ಬರಬಹುದು. ಒಟ್ಟು ತೂಕ 7,500 ಕಿಲೋ ಮೀರದ ಗಾಡಿಗೆ ಎಲ್‌ಎಂವಿ ಸಾಕು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಆ ಸಣ್ಣ ಗಾಡಿಯಲ್ಲಿ ಕಲಿತದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು: ಚೀಲ ಎಣಿಸಿ ಸಹಿ ಹಾಕಿಸಿಕೊಳ್ಳುವುದು, ಲೋಡ್ ಹಿಂದಕ್ಕೆ ವಾಲಿದರೆ ಮುಂದಿನ ಚಕ್ರ ಹೇಗೆ ಹಗುರಾಗುತ್ತದೆ ಅನ್ನುವುದು, ಅಂಗಡಿಯವನು ಊಟಕ್ಕೆ ಹೋದರೆ ಬರುವ ತನಕ ತಲೆ ಬಿಸಿ ಮಾಡಿಕೊಳ್ಳದೆ ಕೂರುವುದು. ನಿಮಗೂ ಈ ಒಂದು ವರ್ಷ ಸಿಕ್ಕರೆ ದಯವಿಟ್ಟು ಸರಕಿನ ಗಾಡಿಯಲ್ಲೇ ಕಳೆಯಿರಿ, ಕಾರಿನಲ್ಲಿ ಅಲ್ಲ.

ಆಮೇಲೆ ಲೈಸೆನ್ಸಿಗೆ ಅರ್ಜಿ ಹಾಕುವ ಸರ್ಕಾರದ ಸಾರಥಿ ವೆಬ್‌ಸೈಟು. ಅರ್ಜಿ ತುಂಬುವುದೇನೂ ಕಷ್ಟವಲ್ಲ, ಹೆಸರು ಹೊಂದಿಸುವುದು ಕಷ್ಟ. ಆಧಾರಿನಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಹೆಸರು, ಅಡ್ಡಹೆಸರು ಎಲ್ಲ ಉದ್ದಕ್ಕೆ ಇದೆ. ಲೈಸೆನ್ಸಿನಲ್ಲಿ ಬರೀ ಇನಿಷಿಯಲ್. ಎರಡನ್ನೂ ಒಂದು ಮಾಡುವ ತನಕ ಅರ್ಜಿ ಮುಂದೆ ಸರಿಯಲಿಲ್ಲ. ಆಧಾರಿಗೆ ಜೋಡಿಸಿದ ಮೊಬೈಲ್ ನಂಬರು ಚಾಲ್ತಿಯಲ್ಲಿರಬೇಕು, ಓಟಿಪಿ ಬರುವುದು ಅದಕ್ಕೇ. ಹಳೆಯ ಕಾಲದ ಪುಸ್ತಕದ ಲೈಸೆನ್ಸ್ ಇರುವವರಿಗೆ ಇನ್ನೂ ಒಂದು ತಾಪತ್ರಯ ಇದೆ: ಅವರ ವಿವರ ಕಂಪ್ಯೂಟರಿಗೆ ಏರಿರುವುದೇ ಇಲ್ಲ, ಕಚೇರಿಗೆ ಹೋಗಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಿಕೊಂಡು ಬರಬೇಕು. ಸರದಿಯಲ್ಲಿ ನನ್ನ ಹಿಂದೆ ನಿಂತಿದ್ದ ಟ್ರ್ಯಾಕ್ಟರ್ ಓಡಿಸುವ ಹಿರಿಯರೊಬ್ಬರು ಅದಕ್ಕಾಗಿಯೇ ಎಷ್ಟೋ ಸಲ ಅಲೆದಿದ್ದರು.

ವೈದ್ಯಕೀಯ ಪ್ರಮಾಣಪತ್ರ ಫಾರಂ 1ಎ. ಕಾರಿಗಾದರೆ ನಮ್ಮ ಆರೋಗ್ಯ ಚೆನ್ನಾಗಿದೆ ಅಂತ ನಾವೇ ಬರೆದು ಕೊಡುತ್ತೇವೆ, ಹೆವಿಗೆ ಡಾಕ್ಟರ ಸಹಿಯೇ ಬೇಕು. ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಲು ಆಗುತ್ತದೆಯೇ, ಕೆಂಪು-ಹಸಿರು ಬಣ್ಣ ಬೇರೆ ಬೇರೆಯಾಗಿ ಕಾಣುತ್ತದೆಯೇ, ಇರುಳುಗಣ್ಣು ಇದೆಯೇ, ಕಿವಿ ಕೇಳಿಸುತ್ತದೆಯೇ ಅಂತೆಲ್ಲ ಅದರಲ್ಲಿ ಇರುತ್ತದೆ. ಕಣ್ಣೆತ್ತಿಯೂ ನೋಡದೆ ಸಹಿ ಹಾಕಿ ಕೊಡುವ ಜಾಗಗಳು ಇವೆ, ಏಜೆಂಟರು ಕರೆದೊಯ್ಯುವುದು ಅಲ್ಲಿಗೇ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಸರಿಯಾಗಿ ಪರೀಕ್ಷೆ ಮಾಡಿಸಿದೆ, ಎಡಗಣ್ಣಿಗೆ ಸ್ವಲ್ಪ ನಂಬರ್ ಇದೆ ಅಂತ ಗೊತ್ತಾಯಿತು. ಕನ್ನಡಕ ಬಂತು. ರಾತ್ರಿ ಎದುರಿನ ಹೈಬೀಮ್ ಕಣ್ಣಿಗೆ ಹೊಡೆದಾಗ ಆ ಡಾಕ್ಟರನ್ನು ನೆನೆಯುತ್ತೇನೆ.

ಇದೆಲ್ಲ ಮುಗಿದು ಎಲ್‌ಎಲ್ ಬಂತು. ಅದಕ್ಕೆ ಆರು ತಿಂಗಳ ಆಯಸ್ಸು, ಮೊದಲ 30 ದಿನ ಟೆಸ್ಟಿಗೆ ಹೋಗುವಂತಿಲ್ಲ.

ಹೆವಿಗೆ ಡ್ರೈವಿಂಗ್ ಸ್ಕೂಲಿನ ಫಾರಂ 5 ಕಡ್ಡಾಯ. ಇಲ್ಲಿ ಎಚ್ಚರ. ಬೋರ್ಡಿನ ಮೇಲೆ ಲಾರಿಯ ಚಿತ್ರ ಬರೆಸಿಕೊಂಡ ಎಲ್ಲ ಸ್ಕೂಲಿಗೂ ಹೆವಿ ಕಲಿಸುವ ಅನುಮತಿ ಇರುವುದಿಲ್ಲ. ಸ್ಕೂಲಿಗೆ ಆರ್‌ಟಿಓ ಕೊಟ್ಟ ಲೈಸೆನ್ಸ್, ಅಂದರೆ ಫಾರಂ 11, ಗೋಡೆಯ ಮೇಲೆ ತೂಗುಹಾಕಿರುತ್ತಾರೆ. ಅದರಲ್ಲಿ ಭಾರಿ ವಾಹನ ಅಂತ ಇದೆಯೋ ಇಲ್ಲವೋ ಓದಿ, ಆಮೇಲೆ ದುಡ್ಡು ಕೊಡಿ. ನಾನು ವಿಚಾರಿಸಿದ ಮೊದಲ ಸ್ಕೂಲಿನವರು, "ನೀವು ಬರೋದೇ ಬ್ಯಾಡ್ರಿ, ಸರ್ಟಿಫಿಕೇಟ್ ಮನೀಗೆ ಕಳಸ್ತೀವಿ" ಅಂದರು. ದುಡ್ಡೂ ಕಡಿಮೆ ಹೇಳಿದರು. ಅಂಗಡಿ ಕೆಲಸ ಮಾಡುತ್ತಲೇ ಲೈಸೆನ್ಸ್ ಸಿಕ್ಕಿಬಿಡುತ್ತದಲ್ಲ ಅಂತ ಮನಸ್ಸು ತೂಗಾಡಿದ್ದು ನಿಜ. ಬಿಟ್ಟು ಇನ್ನೊಂದು ಸ್ಕೂಲಿಗೆ ಸೇರಿದೆ, ಹತ್ತು ಸಾವಿರ ದಾಟಿತು. ಸರ್ಕಾರಕ್ಕೆ ಕಟ್ಟುವುದು ಬಹಳ ಕಡಿಮೆ: ಎಲ್‌ಎಲ್‌ಗೆ 150, ಟೆಸ್ಟಿಗೆ 300, ಹೊಸ ವರ್ಗ ಸೇರಿಸಲು 500, ಹೀಗೆ ಸಾವಿರದ ಆಸುಪಾಸು. ಏಜೆಂಟರು ಹೇಳುವ ಮೊತ್ತಕ್ಕೂ ಇದಕ್ಕೂ ಇರುವ ಅಂತರ ಯಾರ ಜೇಬಿಗೆ ಅಂತ ನೀವೇ ಲೆಕ್ಕ ಹಾಕಿ. ರಾಜ್ಯದ ಸಾರಿಗೆ ನಿಗಮಗಳ ತರಬೇತಿ ಕೇಂದ್ರಗಳಲ್ಲೂ ಹೊರಗಿನವರಿಗೆ ಭಾರಿ ವಾಹನ ಕಲಿಸುವುದುಂಟು. ನಿಮ್ಮ ಜಿಲ್ಲೆಯ ಡಿಪೋದಲ್ಲಿ ಒಮ್ಮೆ ಕೇಳಿ ನೋಡಿ.

ಸ್ಕೂಲಿನ ಲಾರಿ ಹಳೆಯದು. ಕ್ಲಚ್ ಒತ್ತಿ ಒತ್ತಿ ಮೊದಲ ವಾರ ಎಡ ಮೊಣಕಾಲು ಬಾತುಕೊಂಡಿತು. ಕಾರು ಓಡಿಸಿ ಬಂದವನಿಗೆ ಅಲ್ಲಿ ಮೂರು ಸಂಗತಿ ಹೊಸದು. ಒಂದು, ಗಾಳಿ. ಎಂಜಿನ್ ಚಾಲೂ ಮಾಡಿದ ಕೂಡಲೇ ಹೊರಡುವಂತಿಲ್ಲ. ಬ್ರೇಕ್ ಕೆಲಸ ಮಾಡುವುದು ಗಾಳಿಯ ಒತ್ತಡದಿಂದ, ಟ್ಯಾಂಕಿನಲ್ಲಿ ಗಾಳಿ ತುಂಬಿ ಎಚ್ಚರಿಕೆಯ ಬಜರ್ ನಿಲ್ಲುವ ತನಕ ಕಾಯಬೇಕು. ಎರಡು, ಹಿಂದಿನ ಚಕ್ರ. ತಿರುವಿನಲ್ಲಿ ಮುಂದಿನ ಚಕ್ರ ಹೋದ ಹಾದಿಯಲ್ಲಿ ಹಿಂದಿನದು ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಎಡಕ್ಕೆ ತಿರುಗುವಾಗ ಮೂಲೆಯಲ್ಲಿ ನಿಂತ ಬೈಕಿನವನು ಸಿಕ್ಕಿಹಾಕಿಕೊಳ್ಳುವುದು ಹೀಗೆಯೇ. ಮೂರು, ಕುರುಡು ಜಾಗ. ಕ್ಯಾಬಿನ್ನಿನ ಮುಂದೆ, ಎಡಬಾಗಿಲಿನ ಕೆಳಗೆ ಒಬ್ಬ ಮನುಷ್ಯ ಪೂರ್ತಿ ಮಾಯವಾಗುತ್ತಾನೆ. ನಮ್ಮ ಮೇಷ್ಟ್ರು ನಮ್ಮನ್ನು ಒಬ್ಬೊಬ್ಬರನ್ನಾಗಿ ಗಾಡಿಯ ಸುತ್ತ ನಿಲ್ಲಿಸಿ, ಸೀಟಿನಲ್ಲಿ ಕೂತವನಿಗೆ "ಎಷ್ಟು ಜನ ಕಾಣ್ತಾರ ಹೇಳು" ಅಂತ ಕೇಳಿದ ದಿನದಿಂದ ನಾನು ರಸ್ತೆಯಲ್ಲಿ ಲಾರಿಯ ಪಕ್ಕ ಬೈಕ್ ಓಡಿಸುವ ರೀತಿಯೇ ಬದಲಾಯಿತು.

ಟೆಸ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದಂತೆ ಎತ್ತಬೇಕು, ರಿವರ್ಸ್ ತೆಗೆಯಬೇಕು, ಸಿಗ್ನಲ್ ತೋರಿಸಬೇಕು. ಓಡಿಸಿದ್ದಕ್ಕಿಂತ ಹತ್ತು ಪಟ್ಟು ಹೊತ್ತು ಬಿಸಿಲಿನಲ್ಲಿ ನಿಂತದ್ದಾಯಿತು, ನೀರಿನ ಬಾಟಲಿ ಮರೆಯಬೇಡಿ. ಫೇಲಾದರೆ ಏಳು ದಿನದ ನಂತರ ಮತ್ತೆ ಬರಬಹುದು, ಮೂರು ಸಲ ಫೇಲಾದರೆ 60 ದಿನ ಕಾಯಬೇಕು. ಪಾಸಾದ ಮೇಲೆ ಕಾರ್ಡ್ ಅಂಚೆಯಲ್ಲಿ ಮನೆಗೆ ಬರುತ್ತದೆ. ಬರುವ ತನಕ ಡಿಜಿಲಾಕರಿನಲ್ಲಿರುವುದು ನಡೆಯುತ್ತದೆ.

ಕಾರ್ಡ್ ಬಂದ ದಿನ ಅವ್ವ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಇನ್ನೇನು ನಾಳೆಯೇ ಲಾರಿ ಹತ್ತುತ್ತೇನೆ ಅಂದುಕೊಂಡಿದ್ದೆ.

ಟ್ರಾನ್ಸ್‌ಪೋರ್ಟ್ ಆಫೀಸುಗಳ ಸುತ್ತಾಟ ಶುರುವಾಯಿತು. ರಾಣೆಬೆನ್ನೂರು, ಹರಿಹರ, ದಾವಣಗೆರೆ, ಹುಬ್ಬಳ್ಳಿ. ಡ್ರೈವರ್ ಕೊರತೆ ಇದೆ ಅಂತ ಎಲ್ಲರೂ ಗೋಳಾಡುತ್ತಿರುತ್ತಾರೆ, ಗೋಡೆಯ ಮೇಲೆ "ಡ್ರೈವರ್ ಬೇಕಾಗಿದ್ದಾರೆ" ಅಂತ ಕಾಗದವೂ ಅಂಟಿಸಿರುತ್ತಾರೆ. ಒಳಗೆ ಹೋದರೆ ಮೊದಲ ಪ್ರಶ್ನೆ, "ಎಷ್ಟು ವರ್ಷ ಓಡಿಸೀರಿ?" ಹುಬ್ಬಳ್ಳಿಯ ಒಬ್ಬ ಓನರ್ ನನ್ನ ಕಾರ್ಡ್ ತಿರುಗಿಸಿ ನೋಡಿ, ದಿನಾಂಕ ಕಂಡು ನಕ್ಕುಬಿಟ್ಟರು. "ತಮ್ಮಾ, ಲೈಸೆನ್ಸ್ ಅಂತೂ ಐತಿ. ನಲವತ್ತು ಲಕ್ಷದ ಗಾಡಿ ಕೊಟ್ಟು ನಿನ್ನ ಕೈ ಪಳಗಸಾಕ ನಾನೇನು ಸ್ಕೂಲ್ ತೆಗದೀನೇನು?" ಬೇಸರವಾಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಯೋಚಿಸಿದರೆ ಅವರ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಗಾಡಿಯ ಕಂತು ಅವರದು, ಸರಕು ಇನ್ನೊಬ್ಬರದು, ನಾನು ಯಾರೋ.

ಇನ್ನೊಂದು ಕಡೆ ಕೆಲಸ ಕೊಡುತ್ತೇವೆ ಅಂದರು, ಆದರೆ ಒರಿಜಿನಲ್ ಲೈಸೆನ್ಸ್ ಆಫೀಸಿನಲ್ಲಿ ಇಡಬೇಕಂತೆ, ಜೊತೆಗೆ ಸಹಿ ಹಾಕಿದ ಖಾಲಿ ಚೆಕ್ ಬೇರೆ. ಎದ್ದು ಬಂದೆ. ನೀವೂ ಎದ್ದು ಬನ್ನಿ. ಜಾಮೀನಿಗೆ ಪರಿಚಯದವರ ಹೆಸರು, ಆಧಾರಿನ ಜೆರಾಕ್ಸ್ ಕೇಳುವುದು ಸಹಜ. ಅದಕ್ಕಿಂತ ಮುಂದೆ ಹೋಗುವವರ ಹತ್ತಿರ ಸಂಬಳ ವಸೂಲಿ ಮಾಡುವುದೇ ಇನ್ನೊಂದು ಕೆಲಸವಾಗುತ್ತದೆ.

ಈ ಅಂತರ, ಅಂದರೆ ಕಾರ್ಡ್ ಬಂದ ದಿನದಿಂದ ಯಾರಾದರೂ ನಂಬಿ ಕೀಲಿ ಕೊಡುವ ದಿನದ ತನಕ ಇರುವ ಕಾಲ, ಇದನ್ನು ನಿಮ್ಮ ಲೆಕ್ಕದಲ್ಲಿ ಇಟ್ಟುಕೊಳ್ಳಿ ಅನ್ನುವುದೇ ನಾನು ಹೇಳಬೇಕಾದ ಮುಖ್ಯ ಮಾತು. ಕೆಲವು ತಿಂಗಳ ಮನೆ ಖರ್ಚು ಕೈಯಲ್ಲಿರಲಿ. ಸ್ಕೂಲಿನ ಫೀಸಿಗೆ ಬಡ್ಡಿ ಸಾಲ ತಂದವರು ಈ ಹೊತ್ತಿನಲ್ಲೇ ಕೈಚೆಲ್ಲಿ ಹಳೆಯ ಕೆಲಸಕ್ಕೆ ಮರಳುತ್ತಾರೆ. ನನ್ನ ಜೊತೆ ಕಲಿತವರಲ್ಲೇ ಇಬ್ಬರು ಹಾಗೆ ಹೋದರು, ಲೈಸೆನ್ಸ್ ಪರ್ಸಿನಲ್ಲಿ ಕೂತಿದೆ.

ನನಗೆ ದಾರಿ ಸಿಕ್ಕಿದ್ದು ಎಪಿಎಂಸಿ ಯಾರ್ಡಿನಲ್ಲಿ. ಬೀಜದ ಗಾಡಿ ಓಡಿಸುವಾಗ ಪರಿಚಯವಾದ ಹಮಾಲರೊಬ್ಬರು ಒಬ್ಬ ಹಳೇ ಡ್ರೈವರಿಗೆ ನನ್ನ ವಿಷಯ ಹೇಳಿದರು. ಆ ಡ್ರೈವರನ್ನು ಎಲ್ಲರೂ ಕಾಕಾ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಅವರ ಗಾಡಿಯ ಕ್ಲೀನರ್ ಕೆಲಸ ಬಿಟ್ಟಿದ್ದ. ಡಿಗ್ರಿ ಓದಿದವನು, ಹೆವಿ ಲೈಸೆನ್ಸ್ ಇದ್ದವನು ಕ್ಲೀನರ್ ಆಗಿ ಹತ್ತುವುದೇ ಅಂತ ಮನೆಯಲ್ಲಿ ಮತ್ತೆ ಮೌನ. ದಿನಕ್ಕೆ 400 ರೂಪಾಯಿ ಬತ್ತಾ, ಊಟ ಗಾಡಿಯ ಖರ್ಚಿನಲ್ಲಿ. ಖಾಲಿ ಹೈವೇ ಸಿಕ್ಕಾಗ ಸ್ಟೇರಿಂಗ್ ಕೊಡುವುದು ಕಾಕಾನ ಮರ್ಜಿ. ಒಪ್ಪಿಕೊಂಡೆ.

ಸ್ಟೇರಿಂಗ್ ಸಿಕ್ಕಿದ್ದು ಬಹಳ ದಿನದ ಮೇಲೆ. ಅಲ್ಲಿಯ ತನಕ ನನ್ನ ಕೆಲಸ ಟಾರ್ಪಾಲ್ ಕಟ್ಟುವುದು. ತೋರಿಸಿಕೊಟ್ಟರೆ ಸುಲಭ ಅನ್ನಿಸುತ್ತದೆ, ಗಾಳಿಯಲ್ಲಿ ಲೋಡಿನ ಮೇಲೆ ನಿಂತು ಒಬ್ಬನೇ ಎಳೆದು ನೋಡಿ. ಹಗ್ಗದ ಗಂಟು ಸಡಿಲವಾದರೆ ಮಳೆ ನೀರು ಒಳಗಿಳಿದು ಚೀಲ ನೆನೆಯುತ್ತದೆ, ನಷ್ಟ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಾರೆ. ಗಾಡಿ ನಿಂತಾಗಲೆಲ್ಲ ಕಬ್ಬಿಣದ ರಾಡಿನಿಂದ ಹತ್ತೂ ಟೈರಿಗೆ ಬಡಿದು ಸದ್ದು ಕೇಳಬೇಕು. ಜೋಡಿ ಚಕ್ರದಲ್ಲಿ ಒಳಗಿನದು ಗಾಳಿ ಬಿಟ್ಟರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಗೊತ್ತಾಗುತ್ತದೆ. ನಮ್ಮದು ಬಿಎಸ್6, ಅಂದರೆ ಹೊಸ ಹೊಗೆ ನಿಯಮದ ಗಾಡಿ, ಡೀಸೆಲ್ ಜೊತೆ ಹೊಗೆ ಶುದ್ಧ ಮಾಡುವ ಆಡ್‌ಬ್ಲೂ ದ್ರವವನ್ನೂ ನೋಡಿಕೊಳ್ಳಬೇಕು. ಅದು ಖಾಲಿಯಾದರೆ ಎಂಜಿನ್ ತಾಕತ್ತು ತಾನೇ ಕಡಿಮೆಯಾಗುತ್ತದೆ. ಕಾಗದಗಳ ಫೈಲು ನನ್ನ ಸುಪರ್ದಿಯಲ್ಲಿ: ಆರ್‌ಸಿ, ಎಫ್‌ಸಿ, ಇನ್ಶೂರೆನ್ಸ್, ಪರ್ಮಿಟ್, ಟ್ಯಾಕ್ಸ್, ಎಮಿಷನ್. ಪ್ರತಿಯೊಂದರ ಮುಗಿಯುವ ದಿನಾಂಕ ಒಂದು ಚೀಟಿಯಲ್ಲಿ ಬರೆದು ಸನ್‌ವೈಸರಿಗೆ ಸಿಕ್ಕಿಸಿದೆ. ಕಾಕಾ ಅದನ್ನು ನೋಡಿ ಏನೂ ಅನ್ನಲಿಲ್ಲ, ಆದರೆ ಮರುದಿನ ಬೇರೆ ಡ್ರೈವರುಗಳಿಗೆ ತೋರಿಸುತ್ತಿದ್ದರು.

ನಮ್ಮ ಕಡೆಯ ಮೆಕ್ಕೆಜೋಳ ತಮಿಳುನಾಡಿನ ನಾಮಕ್ಕಲ್ ಕೋಳಿ ಆಹಾರದ ಫ್ಯಾಕ್ಟರಿಗಳಿಗೆ ಹೋಗುತ್ತದೆ. ಹೋಗುವ ದಾರಿ 48ನೇ ಹೆದ್ದಾರಿಯಲ್ಲಿ ತುಮಕೂರಿನ ತನಕ, ಮುಂದೆ ಬೆಂಗಳೂರಿನ ಹೊರಗೆ ನೈಸ್ ರೋಡು, ಆಮೇಲೆ ಹೊಸೂರು, ಕೃಷ್ಣಗಿರಿ, ಧರ್ಮಪುರಿ, ಸೇಲಂ. ಲೋಡ್ ಆದ ಮೇಲೆ ವೇಬ್ರಿಡ್ಜಿನಲ್ಲಿ ತೂಕ. ನಮ್ಮಂಥ ಹತ್ತು ಚಕ್ರದ, ಅಂದರೆ ಮೂರು ಆಕ್ಸಲಿನ ಗಾಡಿಗೆ 2018ರಿಂದ ಒಟ್ಟು 28.5 ಟನ್ ಮಿತಿ, ಅದರಲ್ಲಿ ಗಾಡಿಯ ತೂಕವೂ ಸೇರಿತು. ವ್ಯಾಪಾರಿ "ಇನ್ನೊಂದಿಷ್ಟು ಚೀಲ ಹೇರ್ರಿ" ಅನ್ನುತ್ತಲೇ ಇರುತ್ತಾನೆ. 2019ರ ತಿದ್ದುಪಡಿಯಲ್ಲಿ ಓವರ್‌ಲೋಡಿಗೆ 20,000 ದಂಡ, ಮೇಲಿನ ಪ್ರತಿ ಟನ್ನಿಗೆ 2,000. ದಂಡ ಕಟ್ಟುವುದು ಓನರ್ ಇರಬಹುದು, ರಸ್ತೆ ಬದಿ ನಿಂತು ಬೈಸಿಕೊಳ್ಳುವುದು, ಇಳಿಜಾರಿನಲ್ಲಿ ಆ ತೂಕವನ್ನು ಹಿಡಿಯುವುದು ಡ್ರೈವರ್.

ಇಳಿಜಾರು ಅಂದಾಗ ತೊಪ್ಪೂರು ಘಾಟಿಯನ್ನು ಹೇಳಲೇಬೇಕು. ಧರ್ಮಪುರಿಯಿಂದ ಸೇಲಂ ಕಡೆ ಹೋಗುವಾಗ ಸಿಗುವ ಆ ಇಳುಕಲು ನೋಡಲು ಭಯಂಕರವಾಗಿಲ್ಲ. ಅಗಲವಾದ ಒಳ್ಳೆಯ ರಸ್ತೆ, ನಮ್ಮ ಶಿರಾಡಿಯಂತೆ ಇಕ್ಕಟ್ಟಿಲ್ಲ. ಅದೇ ಮೋಸ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವವರು, ಬ್ರೇಕ್ ಒತ್ತಿಕೊಂಡೇ ಇಳಿಯುವವರು, ಬ್ರೇಕ್ ಡ್ರಮ್ ಕಾದು ಹಿಡಿತ ತಪ್ಪಿ ಮುಂದಿನವರ ಮೇಲೆ ಹೋಗುತ್ತಾರೆ. ಅಪಘಾತಕ್ಕೆ ಹೆಸರಾದ ಜಾಗ ಅದು. ಅಲ್ಲಿ ಕಾಕಾ ಇಳಿಜಾರಿನ ಮೊದಲೇ ಗಾಡಿ ಪಕ್ಕಕ್ಕೆ ಹಾಕಿ, ಟೈರು ಬಡಿಸಿ, ಆಮೇಲೆ ಹೇಳಿದ್ದು: "ಹತ್ತಬೇಕಾದ್ರ ಯಾವ ಗೇರ್ ಬೇಕಾಗ್ತಿತ್ತೋ ಅದೇ ಗೇರಿನಾಗ ಇಳೀಬೇಕು. ಬ್ರೇಕ್ ಕೊನೀಗೆ." ಎಂಜಿನ್ನಿನ ಹೊಗೆ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಕೆಲಸ ಮಾಡುವುದು ಗಾಡಿ ಗೇರಿನಲ್ಲಿದ್ದಾಗ ಮಾತ್ರ, ನ್ಯೂಟ್ರಲ್ ಮಾಡಿದರೆ ಅದೂ ಹೋಯಿತು. ಇನ್ನು ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದರೆ ಡೀಸೆಲ್ ತಾನಾಗೇ ಕಟ್ ಆಗುತ್ತದೆ, ನ್ಯೂಟ್ರಲಿನಿಂದ ಉಳಿಯುವುದು ಏನೂ ಇಲ್ಲ. ಇದನ್ನು ಹೇಳಿದರೆ ಹಳಬರು ನಂಬುವುದಿಲ್ಲ. ಹೊಸಬರಾದ ನೀವಾದರೂ ನಂಬಿ.

ನಾಮಕ್ಕಲ್ ಮುಟ್ಟಿದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಫ್ಯಾಕ್ಟರಿ ಗೇಟಿನಲ್ಲಿ ಲಾರಿಗಳ ಸಾಲು. ನಮ್ಮ ಸರದಿ ಬಂದಾಗ ಚೀಲಕ್ಕೆ ಕೊಳವೆ ಚುಚ್ಚಿ ಕಾಳು ತೆಗೆದು ತೇವಾಂಶ ನೋಡಿದರು. 14 ಶೇಕಡಾ ದಾಟಿದೆ, ಇಳಿಸಿಕೊಳ್ಳುವುದಿಲ್ಲ ಅಂದರು. ಅಲ್ಲಿಂದ ವ್ಯಾಪಾರಿಗೂ ಫ್ಯಾಕ್ಟರಿಗೂ ಫೋನಿನಲ್ಲಿ ಚೌಕಾಸಿ. ಬೆಲೆ ಇಳಿಸಿ ಒಪ್ಪಿಕೊಳ್ಳುವ ಹೊತ್ತಿಗೆ ಎರಡು ರಾತ್ರಿ ಕಳೆದವು. ಆ ಎರಡು ರಾತ್ರಿ ನಾವು ಗೇಟಿನ ಹೊರಗೆ, ಸ್ನಾನಕ್ಕೆ ಪೆಟ್ರೋಲ್ ಬಂಕಿನ ನಲ್ಲಿ, ಶೌಚಕ್ಕೆ ಅಲ್ಲಿಯವರ ಕೃಪೆ. ಭಾಷೆ ಬರುವುದಿಲ್ಲ. ಗಾಡಿ ಕಾಯಿಸಿದ್ದಕ್ಕೆ ಹಾಲ್ಟಿಂಗ್ ಹಣ ಕೊಡಬೇಕು ಅಂತ ಮಾತಿನಲ್ಲಿರುತ್ತದೆ, ಕಾಗದದಲ್ಲಿ ಬರೆಸಿಕೊಳ್ಳದಿದ್ದರೆ ಸಿಗುವುದಿಲ್ಲ. ಲೋಡ್ ಹತ್ತಿಸುವಾಗಲೇ ಎಷ್ಟು ದಿನ ಉಚಿತ, ಆಮೇಲೆ ದಿನಕ್ಕೆ ಎಷ್ಟು ಅಂತ ಬ್ರೋಕರಿನಿಂದ ವಾಟ್ಸಾಪಿನಲ್ಲಾದರೂ ಹಾಕಿಸಿಕೊಳ್ಳಿ.

ವಾಪಸ್ ಲೋಡಿಗೆ ಮತ್ತೆ ಕಾಯುವುದು. ಸೇಲಂನಿಂದ ಸಾಬೂದಾನಿ ಸಿಕ್ಕಿತು. ಅಲ್ಲಿ ಇ-ವೇ ಬಿಲ್ಲಿನ, ಅಂದರೆ ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಆನ್‌ಲೈನ್ ಚೀಟಿಯ ಪಾಠವಾಯಿತು. 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ ಅದಕ್ಕೆ ಅವಧಿ ಇರುತ್ತದೆ, ಬಿಲ್ ಮಾಡಿದವರು ಲೋಡ್ ಆಗುವ ಮುಂಚೆಯೇ ಮಾಡಿಬಿಟ್ಟರೆ ಅವಧಿ ಗೋದಾಮಿನ ಬಾಗಿಲಲ್ಲೇ ಕರಗುತ್ತದೆ. ಮುಗಿಯುವ ಎಂಟು ಗಂಟೆ ಮೊದಲಿನಿಂದ ಮುಗಿದ ಎಂಟು ಗಂಟೆಯೊಳಗೆ ವಿಸ್ತರಿಸಿಕೊಳ್ಳಬಹುದು. ಅದನ್ನು ಯಾರು ಮಾಡುತ್ತಾರೆ, ಅವರ ನಂಬರು ಏನು ಅನ್ನುವುದು ಹೊರಡುವ ಮೊದಲೇ ಕೈಯಲ್ಲಿರಲಿ.

ಅಪ್ಪ ಕೇಳಿದ ನಿದ್ದೆಯ ವಿಷಯ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರದ್ದು. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಅಂತ ಅದರಲ್ಲಿತ್ತು; 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ರಸ್ತೆಯಲ್ಲಿ ಆ ಗಂಟೆಗಳ ಲೆಕ್ಕ ಕೇಳಿದವರನ್ನು ನಾನು ನೋಡಿಲ್ಲ. ಬೆಳಗಿನ ಜಾವ ಕಣ್ಣು ತೆರೆದೇ ಇದ್ದರೂ ತಲೆ ಮಲಗಿರುತ್ತದೆ; ಹಿಂದಿನ ಊರು ಯಾವಾಗ ದಾಟಿತು ಅಂತ ನೆನಪಿಗೆ ಬರದಿದ್ದರೆ ಆ ಕ್ಷಣವೇ ಗಾಡಿ ಪಕ್ಕಕ್ಕೆ ಹಾಕಬೇಕು. ಕಾಕಾ ಇದೊಂದರಲ್ಲಿ ಓನರ್ ಫೋನಿಗೂ ಬಗ್ಗುತ್ತಿರಲಿಲ್ಲ. ಎಲ್ಲರಿಗೂ ಅಂಥವರು ಸಿಗುವುದಿಲ್ಲ. ನಿದ್ದೆ ತಡೆಯಲು ಗುಟ್ಕಾ, ಮಾತ್ರೆ ಕೊಡುವ ಹಿರಿಯರು ಸಿಕ್ಕರೆ ಬೇರೆ ಗಾಡಿ ಹುಡುಕಿ. ಕ್ಯಾಬಿನ್ನಿನ ಸೆಕೆ ಇನ್ನೊಂದು ಹಿಂಸೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯವಾಗಿದೆ, ಆದರೆ ಹೊಸಬನಿಗೆ ಓನರ್ ಕೊಡುವುದು ಹಳೆಯ ಗಾಡಿಯನ್ನೇ. ಬ್ಯಾಟರಿ ಚಾಲಿತ ಫ್ಯಾನ್ ಒಂದು ಕೊಂಡು ಇಟ್ಟುಕೊಳ್ಳಿ.

ದುಡ್ಡಿನ ವಿಚಾರ ಕೇಳುವವರಿಗೆ: ಸಂಬಳ ಕೊಡುವ ರೀತಿ ಒಂದೊಂದು ಕಡೆ ಒಂದೊಂದು. ತಿಂಗಳ ಸಂಬಳದ ಮೇಲೆ ಬತ್ತಾ, ಕಿಲೋಮೀಟರ್ ಲೆಕ್ಕ, ಇಲ್ಲವೇ ಬಾಡಿಗೆಯಲ್ಲಿ ಶೇಕಡಾ ಪಾಲು. ಪಾಲಿನ ಲೆಕ್ಕ ಕೇಳಲು ಚೆಂದ, ಗೇಟಿನಲ್ಲಿ ನಿಂತ ದಿನಗಳಲ್ಲಿ ಒಂದು ಪೈಸೆ ಹುಟ್ಟುವುದಿಲ್ಲ. ಹೊಸದರಲ್ಲಿ ಸಂಬಳ ಮತ್ತು ಬತ್ತಾ ಇರುವ ಕಡೆ ನೋಡಿ. ಡೀಸೆಲ್, ಪಂಕ್ಚರ್, ಹಮಾಲಿ, ಪಾರ್ಕಿಂಗ್ ಎಲ್ಲದಕ್ಕೂ ಚೀಟಿ ಇಟ್ಟುಕೊಳ್ಳಿ. ಟೋಲಿಗೆ ಫಾಸ್ಟ್ಯಾಗ್ ಇರುವುದರಿಂದ ಆ ಜಗಳವೊಂದು ಇಲ್ಲ.

ನನಗೆ ಸ್ಟೇರಿಂಗ್ ಮೊದಲು ಸಿಕ್ಕಿದ್ದು ಹಿರಿಯೂರು ದಾಟಿದ ಮೇಲೆ, ಖಾಲಿ ಗಾಡಿ, ಬೆಳಗಿನ ಹೊತ್ತು. ಅಂಗೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ಖಾಲಿ ಲಾರಿ ಕುಣಿಯುತ್ತದೆ, ಲೋಡ್ ಲಾರಿ ನಿಲ್ಲುವುದಿಲ್ಲ. ಎರಡೂ ಬೇರೆ ಬೇರೆ ಗಾಡಿಗಳೇ. ಆಮೇಲೆ ಲೋಡ್ ಗಾಡಿ ಕೊಟ್ಟರು, ಆಮೇಲೆ ರಾತ್ರಿ ಕೊಟ್ಟರು. ಘಾಟಿ ಮಾತ್ರ ಬಹಳ ದಿನ ಕೊಡಲಿಲ್ಲ. ಕೊನೆಗೊಮ್ಮೆ ಓನರ್ ಫೋನ್ ಮಾಡಿ ಇನ್ನೊಂದು ಗಾಡಿಗೆ ಡ್ರೈವರ್ ಇಲ್ಲ ಅಂದಾಗ ಕಾಕಾ, "ನಮ್ಮ ಹುಡುಗ ಅದಾನ" ಅಂದರು. ಅಷ್ಟೇ ನನ್ನ ಇಂಟರ್‌ವ್ಯೂ. ಮೊದಲು ರಾಣೆಬೆನ್ನೂರು-ಹುಬ್ಬಳ್ಳಿ ಲೋಕಲ್, ಈಗ ನಾಮಕ್ಕಲ್ ಲೈನು.

ಒಂದೆರಡು ಬಿಡಿ ಮಾತು. ಮಳೆಗಾಲದಲ್ಲಿ ಮಂಗಳೂರು ಕಡೆ ಲೋಡ್ ಹಿಡಿಯುವ ಮುಂಚೆ ಶಿರಾಡಿಯಲ್ಲಿ ಭಾರಿ ವಾಹನ ಬಿಡುತ್ತಿದ್ದಾರಾ ಅಂತ ಅವತ್ತಿನ ಸುದ್ದಿ ನೋಡಿ. ಮ್ಯಾಪ್ ಚಾರ್ಮಾಡಿ, ಆಗುಂಬೆ ತೋರಿಸಿದರೆ ನಂಬಬೇಡಿ, ಅಲ್ಲಿ ಹೆವಿಗೆ ಪ್ರವೇಶ ಇಲ್ಲ. ಬೆಂಗಳೂರಿನ ಒಳಗೆ ಹಗಲು ಲಾರಿ ನಿರ್ಬಂಧದ ಹೊತ್ತು ತಿಳಿದುಕೊಂಡೇ ಹೊರಡಿ. ಅಸಂಘಟಿತ ಕಾರ್ಮಿಕರಿಗೆ ಸರ್ಕಾರ ಕೊಡುವ ಇ-ಶ್ರಮ್ ಕಾರ್ಡ್ ಮಾಡಿಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ.

ಹೆವಿ ಲೈಸೆನ್ಸಿಗೆ ಐದು ವರ್ಷದ ಅವಧಿ, ಆಮೇಲೆ ಮತ್ತೆ ಫಾರಂ 1ಎ ಜೊತೆ ನವೀಕರಣ. ಗ್ಯಾಸ್, ಪೆಟ್ರೋಲ್ ಟ್ಯಾಂಕರ್ ಓಡಿಸುವವರಿಗೆ ಇದು ಸಾಲದು. ಅಪಾಯಕಾರಿ ಸರಕಿನ ಬಗ್ಗೆ ಮೂರು ದಿನದ ತರಬೇತಿ ಮುಗಿಸಿ ಲೈಸೆನ್ಸಿನಲ್ಲಿ ನಮೂದು ಮಾಡಿಸಬೇಕು, ಅದರ ಅವಧಿ ಮೂರೇ ವರ್ಷ. ನಾನು ಈಗ ಅದಕ್ಕೆ ಅರ್ಜಿ ಹಾಕಿದ್ದೇನೆ, ತಾರೀಕು ಇನ್ನೂ ಬಂದಿಲ್ಲ.